ಹಿಮಾಲಯನ್ 411: ಲಡಾಖ್‌ಗೆ ಹೊರಡುವ ಮುನ್ನ ಹೆಚ್ಚುವರಿ ವೈರಿಂಗ್, ಎಷ್ಟು ಲೋಡ್ ಹಾಕಬಹುದು, ಹೇಗೆ ಎಳೆಯಬೇಕು?

ಘಾಟಿದಾರಿ:

ಎಲ್ಲರಿಗೂ ನಮಸ್ಕಾರ. ಗಾಡಿ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411 ಬೈಕ್, ಬಿಎಸ್6. ಆಗಸ್ಟ್‌ನಲ್ಲಿ ಬೆಂಗಳೂರಿನಿಂದ ಮನಾಲಿ, ಸರ್ಚು, ಲೇಹ್, ಅಲ್ಲಿಂದ ಹಾನ್ಲೆ. ಈಗ ಇರುವುದು ಕಂಪನಿ ವೈರಿಂಗ್ ಮಾತ್ರ, ಯಾರೂ ಕೈ ಹಾಕಿಲ್ಲ.

ಹಾಕಬೇಕೆಂದಿರುವುದು ಇಷ್ಟು: 40 ವ್ಯಾಟ್‌ನ ಎಲ್‌ಇಡಿ ಫಾಗ್ ಲೈಟ್ ಎರಡು, ಬಿಸಿಯಾಗುವ ಹ್ಯಾಂಡಲ್ ಗ್ರಿಪ್ (ಫುಲ್‌ನಲ್ಲಿಟ್ಟರೆ 4 ಆಂಪ್ ಎಂದು ಡಬ್ಬದ ಮೇಲಿದೆ), ಮೊಬೈಲ್ ಮತ್ತು ಇಂಟರ್‌ಕಾಮ್‌ಗೆ ಯುಎಸ್‌ಬಿ ಚಾರ್ಜರ್, ಟೈರಿಗೆ ಗಾಳಿ ತುಂಬುವ 12 ವೋಲ್ಟ್ ಪಂಪ್.

ಒಬ್ಬ ಮೆಕ್ಯಾನಿಕ್ ಹೆಡ್‌ಲೈಟ್ ವೈರಿಗೇ ಜೋಡಿಸಿಬಿಡೋಣ ಅನ್ನುತ್ತಾರೆ. ಇನ್ನೊಬ್ಬರು ಫಾಗ್ ಲೈಟ್ ಹಾಕಿದರೆ ಕಾಯಿಲ್ ಸುಟ್ಟುಹೋಗುತ್ತೆ, ಬೇಡವೇ ಬೇಡ ಅನ್ನುತ್ತಾರೆ. ಯಾರ ಮಾತು ಸರಿ? ಇಷ್ಟೂ ಲೋಡನ್ನು ಈ ಗಾಡಿ ಎಳೆಯುತ್ತದೆಯೇ? ವೈರ್ ಎಷ್ಟು ದಪ್ಪ, ಫ್ಯೂಸ್ ಎಷ್ಟರದು? ಬ್ಯಾಟರಿಯನ್ನು ಲಿಥಿಯಂಗೆ ಬದಲಾಯಿಸಿದರೆ ಉಪಯೋಗ ಉಂಟೇ? ವೈರಿಂಗ್ ನಾನೇ ಕೂತು ಮಾಡುವ ಯೋಚನೆ. ಮಲ್ಟಿಮೀಟರ್ ಹಿಡಿಯುವುದು ಗೊತ್ತಿದೆ.

---

ಕಾಯಿಲ್_ಕಟ್ಟುವವ:

ಸರ್, ಇಬ್ಬರ ಮಾತೂ ಸರಿಯಿಲ್ಲ. ಮೊದಲು ಕಾಯಿಲ್ ವಿಷಯ ಮುಗಿಸೋಣ.

ನಮ್ಮ ಬೈಕುಗಳ ಆಲ್ಟರ್ನೇಟರ್ ಕಾರಿನದರಂತಲ್ಲ. ಫ್ಲೈವೀಲ್‌ನಲ್ಲಿ ಶಾಶ್ವತ ಅಯಸ್ಕಾಂತ, ಅದರೊಳಗೆ ಸ್ಟೇಟರ್ ಕಾಯಿಲ್. ಎಂಜಿನ್ ತಿರುಗಿದಷ್ಟೂ ಅದು ಕರೆಂಟ್ ಹುಟ್ಟಿಸುತ್ತದೆ, ಕಡಿಮೆ ಮಾಡು ಎಂದು ಹೇಳಲು ದಾರಿಯಿಲ್ಲ. ಬೇಡದ ಕರೆಂಟನ್ನು ಏನು ಮಾಡಬೇಕೆಂದು ನಿರ್ಧರಿಸುವುದು ಆರ್‌ಆರ್ ಯೂನಿಟ್, ಅಂದರೆ ರೆಗ್ಯುಲೇಟರ್-ರೆಕ್ಟಿಫೈಯರ್. ಅದು ಶಂಟ್ ಮಾದರಿಯದಾಗಿದ್ದರೆ ಹೆಚ್ಚುವರಿ ಕರೆಂಟನ್ನು ಕಾಯಿಲ್‌ಗೇ ಶಾರ್ಟ್ ಮಾಡಿ ತಿರುಗಿಸುತ್ತದೆ. ಹಾಗಾಗಿ ಲೈಟ್ ಹಾಕಿದರೂ ಹಾಕದಿದ್ದರೂ ಸ್ಟೇಟರಿನಲ್ಲಿ ಹರಿಯುವ ಕರೆಂಟ್ ಹೆಚ್ಚುಕಡಿಮೆ ಅಷ್ಟೇ. ಫಾಗ್ ಲೈಟ್ ಹಾಕಿದ್ದರಿಂದಲೇ ಕಾಯಿಲ್ ಸುಟ್ಟಿತು ಅನ್ನುವ ವಾದ ಶಂಟ್ ಆರ್‌ಆರ್ ಇರುವ ಗಾಡಿಗೆ ಹೊಂದುವುದಿಲ್ಲ. ಸೀರೀಸ್ ಮಾದರಿಯಲ್ಲಿ ಮಾತ್ರ (ಶಿಂಡೆನ್‌ಗೆನ್ ಎಸ್‌ಎಚ್775 ಇದಕ್ಕೆ ಪ್ರಸಿದ್ಧ ಉದಾಹರಣೆ) ಬೇಡವಾದಾಗ ಸರ್ಕ್ಯೂಟ್ ಕತ್ತರಿಸಿಬಿಡುತ್ತದೆ. ಅಲ್ಲಿ ಲೋಡ್ ಕಡಿಮೆಯಿದ್ದರೆ ಸ್ಟೇಟರ್ ನಿಜವಾಗಿಯೂ ತಣ್ಣಗಿರುತ್ತದೆ.

ಹಾಗಾದರೆ ಹೆಚ್ಚು ಲೋಡ್ ಹಾಕಿದರೆ ಸಾಯುವುದು ಯಾವುದು? ಬ್ಯಾಟರಿ. ಉತ್ಪತ್ತಿಗಿಂತ ಖರ್ಚು ಜಾಸ್ತಿಯಾದರೆ ಕೊರತೆಯನ್ನು ಅದೇ ತುಂಬಬೇಕು. ನಿಮ್ಮ ಗಾಡಿಯದು 8 ಆಂಪ್-ಅವರ್ ಬ್ಯಾಟರಿ. ಕೆಸರು ರಸ್ತೆಯಲ್ಲಿ ಮಿಲಿಟರಿ ಲಾರಿಗಳ ಹಿಂದೆ ಅರ್ಧ ಗಂಟೆ ಐಡಲ್‌ನಲ್ಲೇ ತೆವಳುತ್ತಾ 4 ಆಂಪ್ ಕೊರತೆ ಬಿದ್ದರೆ 2 ಆಂಪ್-ಅವರ್ ಹೋಯಿತು. ಅಂದರೆ ಕಾಲು ಭಾಗ. ಮರುದಿನ ಬೆಳಗಿನ ಚಳಿಯಲ್ಲಿ ಸೆಲ್ಫ್ ಎಳೆಯಲು ಉಳಿಯುವುದು ಅದು ಹೋಗಿ ಮಿಕ್ಕದ್ದು ಮಾತ್ರ.

ಈಗ ನಿಮ್ಮ ಖರ್ಚಿನ ಲೆಕ್ಕ. ಲೈಟ್ 80 ವ್ಯಾಟ್, ಗ್ರಿಪ್ ಸುಮಾರು 50, ಎರಡು ಮೊಬೈಲ್ ವೇಗವಾಗಿ ಚಾರ್ಜ್ ಆಗುವಾಗ ಒಂದು 30. ಒಟ್ಟು 160 ವ್ಯಾಟ್. 13.5 ವೋಲ್ಟ್‌ನಲ್ಲಿ ಭಾಗಿಸಿದರೆ ಸುಮಾರು 12 ಆಂಪ್. ಇದು ಗಾಡಿಯ ಸ್ವಂತ ಖರ್ಚಿನ ಮೇಲೆ ಬರುವುದು: ಎಚ್4 ಹೆಡ್‌ಲೈಟ್, ಫ್ಯುಯಲ್ ಪಂಪ್, ಇಗ್ನಿಷನ್, ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್). 2017ರ ಏಪ್ರಿಲ್‌ನಿಂದ ಹೊಸ ದ್ವಿಚಕ್ರ ವಾಹನಗಳಲ್ಲಿ ಹೆಡ್‌ಲೈಟ್ ತಾನಾಗಿಯೇ ಉರಿಯುವುದು ಕಡ್ಡಾಯವಾದ ಮೇಲೆ, ಹಗಲಲ್ಲಿ ಅದನ್ನು ಆರಿಸಿ ಉಳಿಸುವ ದಾರಿಯೂ ಹೋಯಿತು.

ಆಲ್ಟರ್ನೇಟರಿಗೆ ಪುಸ್ತಕದಲ್ಲಿ ಕೊಟ್ಟಿರುವ ವ್ಯಾಟ್ ಸಂಖ್ಯೆ ಹಿಡಿದು ಕಳೆಯುವ ಲೆಕ್ಕ ಮಾಡಬೇಡಿ. ಆ ಅಂಕಿ ಹೆಚ್ಚಿನ ಆರ್‌ಪಿಎಂನಲ್ಲಿ ಸಿಗುವುದು, ಐಡಲ್‌ನಲ್ಲಿ ಅದಕ್ಕಿಂತ ಬಹಳ ಕಡಿಮೆ. ಅಳೆದೇ ನೋಡಬೇಕು. ವಿಧಾನ ಹೀಗೆ:

ವೈರನ್ನು ಕತ್ತರಿಸದೆ ಸುತ್ತ ಹಿಡಿದು ಡಿಸಿ ಕರೆಂಟ್ ಅಳೆಯುವ ಕ್ಲಾಂಪ್ ಮೀಟರ್ ಬೇಕು. ಅಗ್ಗದ ಕ್ಲಾಂಪ್‌ಗಳಲ್ಲಿ ಎಸಿ ಆಂಪ್ ಮಾತ್ರ ಇರುತ್ತದೆ, ಕೊಳ್ಳುವಾಗ ಇದನ್ನು ಖಚಿತ ಮಾಡಿಕೊಳ್ಳಿ. ಮಲ್ಟಿಮೀಟರನ್ನು ಸೀರೀಸ್‌ನಲ್ಲಿ ಹಾಕಿ ಸೆಲ್ಫ್ ಒತ್ತಬೇಡಿ. ಸ್ಟಾರ್ಟರ್ ಮೋಟಾರ್ ಎಳೆಯುವ ಕರೆಂಟಿಗೆ ಅದರ 10 ಆಂಪ್ ಫ್ಯೂಸ್ ತಕ್ಷಣ ಹೋಗುತ್ತದೆ.

ಹಿಂದಿನ ದಿನ ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿಡಿ. ಎಂಜಿನ್ 10 ನಿಮಿಷ ಬಿಸಿಯಾಗಲಿ. ಕ್ಲಾಂಪನ್ನು ಸೊನ್ನೆಗೆ ತಂದು, ಬ್ಯಾಟರಿಯ ಪ್ಲಸ್ ಟರ್ಮಿನಲ್‌ಗೆ ಬರುವ ಎಲ್ಲಾ ವೈರುಗಳನ್ನೂ ಸೇರಿಸಿ ಅದರೊಳಗೆ ಹಿಡಿಯಿರಿ. ಒಳಕ್ಕೆ ಹರಿಯುತ್ತಿದೆಯೋ ಹೊರಕ್ಕೋ ಎನ್ನುವುದನ್ನು ಚಿಹ್ನೆ ತೋರಿಸುತ್ತದೆ. ತುಂಬಿದ ಬ್ಯಾಟರಿಗೆ ಒಳಹರಿವು ಅರ್ಧ ಆಂಪ್‌ಗಿಂತ ಕಡಿಮೆ ಕಾಣಬಹುದು. ಮಿಗತೆ ಇಲ್ಲ ಎಂದು ಗಾಬರಿಯಾಗಬೇಡಿ, ಆರ್‌ಆರ್ ಬೇಡದ್ದನ್ನು ತಡೆದಿದೆ ಅಷ್ಟೇ.

ಮಿಗತೆ ತಿಳಿಯಲು ಸುಳ್ಳು ಲೋಡ್ ಹಾಕಬೇಕು. ಒಂದು ಹಳೆಯ ಎಚ್4 ಬಲ್ಬ್ ಸಾಕು. ಅದರಲ್ಲಿ 55 ಮತ್ತು 60 ವ್ಯಾಟಿನ ಎರಡು ಫಿಲಮೆಂಟ್ ಇವೆ, ಚಾರ್ಜಿಂಗ್ ವೋಲ್ಟೇಜಿನಲ್ಲಿ ಒಂದೊಂದೂ 5 ಆಂಪ್ ಹತ್ತಿರ ಎಳೆಯುತ್ತದೆ. ಬಲ್ಬನ್ನು ಹಂಚಿನ ಮೇಲಿಟ್ಟು ಕ್ಲಿಪ್‌ನಿಂದ ನೇರ ಬ್ಯಾಟರಿಗೆ ಜೋಡಿಸಿ, ಪ್ಲಾಸ್ಟಿಕ್ ಹತ್ತಿರ ಬೇಡ, ವಿಪರೀತ ಕಾಯುತ್ತದೆ. ಬಲ್ಬಿನ ಪ್ಲಸ್ ವೈರೂ ಕ್ಲಾಂಪಿನ ಒಳಗೇ ಇರಲಿ. ಐಡಲ್, 2000, 3000, 4000 ಆರ್‌ಪಿಎಂಗಳಲ್ಲಿ ಮೊದಲು ಒಂದು ಫಿಲಮೆಂಟ್, ಆಮೇಲೆ ಎರಡೂ ಹಾಕಿ ಬರೆದುಕೊಳ್ಳಿ. ಎಲ್ಲಿ ಕರೆಂಟ್ ಹೊರಹರಿವಿಗೆ ತಿರುಗುತ್ತದೋ, ವೋಲ್ಟೇಜ್ 13.2ಕ್ಕಿಂತ ಕೆಳಗೆ ಬರುತ್ತದೋ, ಆ ಆರ್‌ಪಿಎಂನಲ್ಲಿ ನಿಮ್ಮ ಗಾಡಿಯ ಮಿತಿ ಅದು.

ಉದಾಹರಣೆಗೆ, 3000ದಲ್ಲಿ ಎರಡೂ ಫಿಲಮೆಂಟ್ ಉರಿದಾಗಲೂ ಒಳಹರಿವು ಉಳಿದಿದ್ದರೆ ನಿಮಗೆ 10 ಆಂಪ್ ಮಿಗತೆ ಇದೆ ಎಂದಾಯಿತು. ಅದರಲ್ಲಿ 2 ಆಂಪ್ ಬ್ಯಾಟರಿಗೆ ಬಿಟ್ಟು 8ಕ್ಕೆ ಯೋಜನೆ ಹಾಕಿ. ನಿಮ್ಮ 12 ಆಂಪ್ ಅಲ್ಲಿಗೆ ಹೊಂದುವುದಿಲ್ಲ, ಆದರೆ ಲೈಟ್ ಮತ್ತು ಗ್ರಿಪ್ ಎರಡನ್ನೂ ಒಟ್ಟಿಗೆ ಫುಲ್‌ನಲ್ಲಿ ಇಡುವ ಸಂದರ್ಭ ಎಷ್ಟು ಬರುತ್ತದೆ? ಘಾಟಿಯಲ್ಲಿ ನಿಮ್ಮ ಎಂಜಿನ್ ಹೆಚ್ಚಿನ ಹೊತ್ತು ಇರುವ ಆರ್‌ಪಿಎಂಗೆ ಲೆಕ್ಕ ಹಾಕಿ. 5000ದ ಲೆಕ್ಕದಿಂದ ಲಡಾಖ್‌ನಲ್ಲಿ ಪ್ರಯೋಜನವಿಲ್ಲ.

---

ಜೇಸಿರೋಡ್_ವೈರಿಂಗ್:

ಮೇಲಿನ ಅಳತೆ ಮಾಡಿದ ಮೇಲೇ ಸಾಮಾನು ಕೊಳ್ಳಿ. ನಾನು ಎಳೆಯುವ ಕೆಲಸದ ಬಗ್ಗೆ ಹೇಳುತ್ತೇನೆ, ಏಕೆಂದರೆ ದೂರದ ದಾರಿಯಲ್ಲಿ ಗಾಡಿ ನಿಲ್ಲಿಸುವುದು ಬಹುಪಾಲು ಕೆಟ್ಟ ಜಾಯಿಂಟ್.

ಹೆಡ್‌ಲೈಟ್ ವೈರಿಗೆ ಫಾಗ್ ಲೈಟ್ ಜೋಡಿಸಬೇಡಿ. ಆ ವೈರ್, ಆ ಸ್ವಿಚ್, ಆ ಫ್ಯೂಸ್ ಎಲ್ಲವೂ ಒಂದು ಬಲ್ಬಿನ ಕರೆಂಟಿಗೆ ಲೆಕ್ಕ ಹಾಕಿ ಇಟ್ಟವು. ಅದರ ಮೇಲೆ 6 ಆಂಪ್ ಹೇರಿದರೆ ಮೊದಲು ಹ್ಯಾಂಡಲ್ ಸ್ವಿಚ್‌ನೊಳಗಿನ ಕಾಂಟ್ಯಾಕ್ಟ್ ಸುಡುತ್ತದೆ. ಫ್ಯೂಸ್ ಹೋದರೆ ಕತ್ತಲಲ್ಲಿ ಹೆಡ್‌ಲೈಟೂ ಫಾಗ್ ಲೈಟೂ ಒಟ್ಟಿಗೇ ಹೋಗುತ್ತವೆ.

ಕಂಪನಿ ವೈರಿಂಗ್‌ನಿಂದ ತೆಗೆದುಕೊಳ್ಳಬೇಕಾದದ್ದು ಒಂದೇ: ರಿಲೇಗೆ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್) ಸಂಕೇತ. ರಿಲೇಯ ಕಾಯಿಲ್ 0.15 ಆಂಪ್ ಮಾತ್ರ ಎಳೆಯುತ್ತದೆ. ಸೀಟಿನ ಕೆಳಗೆ ಹಾದುಹೋಗುವ ಟೈಲ್ ಲ್ಯಾಂಪ್ ಅಥವಾ ನಂಬರ್ ಪ್ಲೇಟ್ ಲ್ಯಾಂಪಿನ ವೈರ್ ಇದಕ್ಕೆ ಅನುಕೂಲ. ಅದನ್ನು ಕತ್ತರಿಸಬೇಡಿ. ಅದೇ ಮಾದರಿಯ ಕನೆಕ್ಟರ್ ತಂದು ನಡುವೆ ಸಿಕ್ಕಿಸುವ ಟಿ ಆಕಾರದ ತುಂಡು ಮಾಡಿಕೊಳ್ಳಿ, ವಾರಂಟಿಯ ತಂಟೆಯೂ ಇರುವುದಿಲ್ಲ. ನೀಲಿ ಬಣ್ಣದ, ವೈರನ್ನು ಕಚ್ಚಿ ಹಿಡಿಯುವ ಪ್ಲಾಸ್ಟಿಕ್ ಕ್ಲಿಪ್ ಮಾತ್ರ ಬೇಡ. ಅದರ ಬ್ಲೇಡ್ ಒಂದಷ್ಟು ಎಳೆಗಳನ್ನು ಕತ್ತರಿಸುತ್ತದೆ, ಆ ಗಾಯದಲ್ಲಿ ನೀರು ಕೂತು ಕಿಲುಬು ಹಿಡಿಯುತ್ತದೆ.

ಮುಖ್ಯ ದಾರಿ: ಬ್ಯಾಟರಿ ಪ್ಲಸ್‌ನಿಂದ 2.5 ಚದರ ಮಿ.ಮೀ ವೈರ್, ಟರ್ಮಿನಲ್‌ನಿಂದ ಒಂದು ಗೇಣಿನೊಳಗೆ 20 ಆಂಪ್ ಫ್ಯೂಸ್ (ಹಳದಿ ಬಣ್ಣದ್ದು), ಅಲ್ಲಿಂದ ರಿಲೇಯ 30ನೇ ಪಿನ್. 87ನೇ ಪಿನ್‌ನಿಂದ ನಾಲ್ಕು ದಾರಿಯ ಸಣ್ಣ ಫ್ಯೂಸ್ ಬಾಕ್ಸ್. 86ಕ್ಕೆ ಟೈಲ್ ಲ್ಯಾಂಪಿನ ಸಂಕೇತ, ನಡುವೆ 2 ಆಂಪ್ ಫ್ಯೂಸ್. 85 ಬ್ಯಾಟರಿ ಮೈನಸ್‌ಗೆ. ರಿಲೇ ಆಫ್ ಆಗುವಾಗ ಅದರ ಕಾಯಿಲ್ ಒಂದು ವೋಲ್ಟೇಜ್ ಹೊಡೆತ ಹಿಂದಕ್ಕೆ ಕೊಡುತ್ತದೆ. ಅದನ್ನು ನುಂಗಲು ಒಳಗೇ ಡಯೋಡ್ ಇರುವ ರಿಲೇ ಕೊಳ್ಳಿ, ಇಲ್ಲವಾದರೆ 1ಎನ್4007 ಡಯೋಡನ್ನು 85-86ರ ನಡುವೆ, ಪಟ್ಟಿ ಇರುವ ತುದಿ 86ರ ಕಡೆ ಬರುವಂತೆ ಹಾಕಿ. ಡಯೋಡ್ ಇದ್ದ ಮೇಲೆ 85, 86 ಅದಲುಬದಲಾಗುವಂತಿಲ್ಲ.

ಫ್ಯೂಸ್ ಬಾಕ್ಸಿನಿಂದ ಮುಂದಕ್ಕೆ ಲೈಟಿಗೆ 10 ಆಂಪ್, ಗ್ರಿಪ್‌ಗೆ 7.5, ಯುಎಸ್‌ಬಿಗೆ 5. ಒಂದು ದಾರಿ ಖಾಲಿ ಇರಲಿ. ಫ್ಯೂಸ್ ಇರುವುದು ವೈರನ್ನು ಕಾಯಲು. ತುದಿಯ ಸಾಮಾನಿಗೆ ಎಷ್ಟು ಬೇಕೋ ಅದಕ್ಕಿಂತ ಸ್ವಲ್ಪ ಮೇಲೆ, ವೈರ್ ತಡೆಯುವುದಕ್ಕಿಂತ ಸಾಕಷ್ಟು ಕೆಳಗೆ ಇರಬೇಕು. ಗಾಳಿ ಪಂಪಿಗೆ ಇವೆಲ್ಲದರಿಂದ ಪ್ರತ್ಯೇಕವಾಗಿ, ಬ್ಯಾಟರಿಯಿಂದ ನೇರ, 15 ಆಂಪ್ ಫ್ಯೂಸ್ ಹಾಕಿದ ಮುಚ್ಚಳವಿರುವ ಎರಡು ಪಿನ್ನಿನ ತುದಿ ಸೀಟಿನ ಬದಿಗೆ ತನ್ನಿ. ಆ ಪಂಪ್‌ಗಳು 10 ಆಂಪ್ ಆಸುಪಾಸು ಎಳೆಯುತ್ತವೆ. ಎಂಜಿನ್ ಚಾಲೂ ಇಟ್ಟು, ಗ್ರಿಪ್ ಮತ್ತು ಲೈಟ್ ಆರಿಸಿ ಗಾಳಿ ತುಂಬಿ. ಅದೇ ತುದಿಗೆ ಮನೆಯಲ್ಲಿ ಚಾರ್ಜರನ್ನೂ ಸಿಕ್ಕಿಸಬಹುದು.

ಫಾಗ್ ಲೈಟಿಗೆ ಎರಡನೆಯ ರಿಲೇ. ಅದರ ಸಂಕೇತವನ್ನು ಹೈ ಬೀಮ್ ವೈರಿನಿಂದ, ಹ್ಯಾಂಡಲ್‌ನ ಸ್ವಿಚ್ ಮೂಲಕ ತನ್ನಿ. ಎದುರು ವಾಹನಕ್ಕೆ ಡಿಮ್ ಮಾಡಿದೊಡನೆ ಫಾಗ್ ಲೈಟೂ ತಾನಾಗಿ ಆರುತ್ತದೆ. ಸ್ವಿಚ್ ಹೊರುವುದು ರಿಲೇ ಕಾಯಿಲ್‌ನ ಕರೆಂಟ್ ಮಾತ್ರ, ಆದ್ದರಿಂದ ನೀರು ಹೋಗದಿರುವುದೇ ಅದರ ಮುಖ್ಯ ಗುಣ.

ವೈರಿನ ದಪ್ಪದ ಲೆಕ್ಕ ಸರಳ. 1 ಚದರ ಮಿ.ಮೀ ತಾಮ್ರದ ವೈರಿಗೆ ಮೀಟರಿಗೆ 0.0175 ಓಮ್. ಹೋಗಿ ಬರುವ ದಾರಿ 3 ಮೀಟರ್, 6 ಆಂಪ್ ಅಂದುಕೊಂಡರೆ, ಅರ್ಧ ಚದರ ಮಿ.ಮೀ ವೈರಿನಲ್ಲಿ 0.63 ವೋಲ್ಟ್ ಬೀಳುತ್ತದೆ, 1.5ರಲ್ಲಿ 0.21. ಎಲ್‌ಇಡಿ ಲೈಟುಗಳ ಒಳಗೆ ಡ್ರೈವರ್ ಇರುವುದರಿಂದ ಬೆಳಕು ಕುಂದದು. ಆದರೆ ಗ್ರಿಪ್ ಬರಿಯ ಹೀಟರ್. ಅದರ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ, 0.63 ವೋಲ್ಟ್ ಹೋದರೆ ಶೇ 9ರಷ್ಟು ಬಿಸಿ ಹೋಯಿತು. ಹಾಗಾಗಿ ಲೈಟಿಗೂ ಗ್ರಿಪ್‌ಗೂ 1.5, ಯುಎಸ್‌ಬಿಗೆ 1, ಸಂಕೇತಕ್ಕೆ 0.5 ಸಾಕು. ಮನೆಯ ವೈರಿಂಗ್‌ಗೆ ಬರುವ ವೈರ್ ತರಬೇಡಿ. ಎಳೆ ಕಡಿಮೆ, ದಪ್ಪ ಎಳೆ, ನಡುಕಕ್ಕೆ ಮುರಿಯುತ್ತದೆ, ಎಂಜಿನ್ನಿನ ಬಿಸಿಗೆ ಹೊದಿಕೆ ಮೆತ್ತಗಾಗುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಆಟೋಮೋಟಿವ್ ವೈರ್ ಎಂದೇ ಕೇಳಿ. ಕನೆಕ್ಟರ್, ಹೀಟ್ ಶ್ರಿಂಕ್ ಟ್ಯೂಬ್, ಡಯೋಡ್‌ಗಳಿಗೆ ಎಸ್.ಪಿ. ರಸ್ತೆ.

ಜಾಯಿಂಟ್‌ಗಳಿಗೆ ಬೆಸುಗೆ ಬೇಡ, ಕ್ರಿಂಪ್ ಮಾಡಿ, ಅಂದರೆ ವೈರಿನ ತುದಿಯನ್ನು ಲೋಹದ ಲಗ್‌ನೊಳಗಿಟ್ಟು ಒತ್ತಿ ಬಿಗಿಯಿರಿ. ಬೆಸುಗೆಯ ಸೀಸ ಎಳೆಗಳ ಮಧ್ಯೆ ಏರಿ ವೈರನ್ನು ಒಂದಷ್ಟು ದೂರ ಕಡ್ಡಿಯಂತೆ ಬಿರುಸು ಮಾಡುತ್ತದೆ, ಆ ಬಿರುಸು ಮುಗಿಯುವ ಜಾಗದಲ್ಲೇ ನಡುಕಕ್ಕೆ ತುಂಡಾಗುತ್ತದೆ. ರ್‍ಯಾಚೆಟ್ ಇರುವ ಕ್ರಿಂಪಿಂಗ್ ಟೂಲ್ ಉಪಯೋಗಿಸಿ, ಕಟಿಂಗ್ ಪ್ಲೇಯರ್‌ನಲ್ಲಿ ಜಜ್ಜಿದ್ದು ಕ್ರಿಂಪ್ ಅಲ್ಲ. 5-6 ಮಿ.ಮೀ ಸುಲಿಯಿರಿ, ಒಂದೂ ಎಳೆ ಕತ್ತರಿಸಿರಬಾರದು. ಪ್ಲಾಸ್ಟಿಕ್ ಹೊದಿಕೆಯ ಲಗ್‌ಗಳಲ್ಲಿ ಕೆಂಪು 1.5ರವರೆಗೆ, ನೀಲಿ 2.5ರವರೆಗೆ. ಪ್ರತಿಯೊಂದನ್ನೂ ಕೈಯಿಂದ ಜಗ್ಗಿ ನೋಡಿ, ಜಾರಿದರೆ ಕತ್ತರಿಸಿ ಮತ್ತೆ ಮಾಡಿ. ಮೇಲೆ ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಹಾಕಿ. ಕಾಯಿಸಿದಾಗ ಎರಡು ತುದಿಯಲ್ಲೂ ಅಂಟು ಇಣುಕಿದರೆ ನೀರು ಒಳಹೋಗದು.

ಇಷ್ಟು ಒತ್ತಿ ಹೇಳಲು ಕಾರಣ ಉಂಟು. ಸಡಿಲ ಜಾಯಿಂಟಿನಲ್ಲಿ 0.1 ಓಮ್ ಮಾತ್ರ ಇದ್ದರೂ 6 ಆಂಪ್ ಹರಿದಾಗ 3.6 ವ್ಯಾಟ್ ಬಿಸಿ, ಅದೂ ಕಾಳಿನಷ್ಟು ಜಾಗದಲ್ಲಿ. ಅದೇ 0.1 ಓಮ್ 14 ಆಂಪ್ ಹರಿಯುವ ಆರ್‌ಆರ್ ಕನೆಕ್ಟರಿನಲ್ಲಿ ಬಂದರೆ ಸುಮಾರು 20 ವ್ಯಾಟ್. ಪ್ಲಾಸ್ಟಿಕ್ ಕಂದಾಗಿ ಕರಗುವುದು ಹೀಗೆ. ಹೊರಡುವ ಮುನ್ನ ಆರ್‌ಆರ್ ಯೂನಿಟ್ಟಿನ ಎರಡೂ ಕನೆಕ್ಟರ್ ಬಿಚ್ಚಿ, ಕಂದು ಬಣ್ಣ ಕಂಡರೆ ಪಿನ್ ಸಮೇತ ಬದಲಾಯಿಸಿ. ಇಲ್ಲದಿದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒರೆಸಿ, ಡೈಎಲೆಕ್ಟ್ರಿಕ್ ಗ್ರೀಸ್ ತೆಳ್ಳಗೆ ಸವರಿ.

ಅರ್ಥ್ ಅನ್ನು ಚಾಸಿಗೆ ಕೊಡಬೇಡಿ. ಎಲ್ಲಾ ಮೈನಸ್‌ಗಳನ್ನೂ ಸೀಟಿನ ಕೆಳಗೆ ಒಂದು ಬಸ್‌ಬಾರ್‌ಗೆ (ಹಲವು ವೈರ್ ಸೇರುವ ಲೋಹದ ಪಟ್ಟಿ) ತಂದು, ಅಲ್ಲಿಂದ 2.5ರ ಒಂದೇ ವೈರ್ ಬ್ಯಾಟರಿ ಮೈನಸ್‌ಗೆ. ಟರ್ಮಿನಲ್‌ನಲ್ಲಿ ದಪ್ಪ ಸ್ಟಾರ್ಟರ್ ಕೇಬಲ್‌ನ ಲಗ್ ಸೀಸಕ್ಕೆ ನೇರ ತಾಗಿರಲಿ, ನಿಮ್ಮದು ಅದರ ಮೇಲೆ ಕೂರಲಿ. ಬಿಚ್ಚುವಾಗ ಮೊದಲು ಮೈನಸ್, ಹಾಕುವಾಗ ಕೊನೆಗೆ ಮೈನಸ್.

ಹ್ಯಾಂಡಲ್ ತಿರುಗುವ ಕುತ್ತಿಗೆಯ ಹತ್ತಿರವೇ ಅತಿ ಹೆಚ್ಚು ವೈರ್ ಮುರಿಯುವುದು. ಎರಡೂ ಕಡೆ ಪೂರ್ತಿ ತಿರುಗಿಸಿದಾಗಲೂ ಸಡಿಲ ಉಳಿಯುವಂತೆ ಸುತ್ತು ಬಿಡಿ, ಅಲ್ಲಿ ಟೈ ಬಿಗಿಯಬೇಡಿ. ಟ್ಯಾಂಕಿನ ಕೆಳಗೆ ವೈರ್ ಕಬ್ಬಿಣಕ್ಕೆ ಉಜ್ಜುವ ಎಲ್ಲಾ ಕಡೆ ಬಟ್ಟೆಯ ಹಾರ್ನೆಸ್ ಟೇಪ್ ಸುತ್ತಿ ಸ್ಲೀವ್ ಹಾಕಿ. ಕಪ್ಪು ಪಿವಿಸಿ ಟೇಪ್ ಬಿಸಿಗೆ ಅಂಟಂಟಾಗಿ ಜಾರುತ್ತದೆ. ಕನೆಕ್ಟರ್‌ಗಳು, ರಿಲೇ ಎಲ್ಲವೂ ಬಾಯಿ ಕೆಳಗೆ ಮಾಡಿ ಕೂರಲಿ. ವೈರ್ ಅವುಗಳ ಒಳಗೆ ಹೋಗುವ ಮೊದಲು ಒಮ್ಮೆ ಕೆಳಗಿಳಿದು ಮೇಲೇರಲಿ, ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕುತ್ತದೆ.

ಮೊದಲ ಸಲ ಕರೆಂಟ್ ಕೊಡುವಾಗ 20 ಆಂಪ್ ಫ್ಯೂಸಿನ ಬದಲು ಆ ಜಾಗದಲ್ಲಿ 21 ವ್ಯಾಟಿನ ಇಂಡಿಕೇಟರ್ ಬಲ್ಬ್ ಸಿಕ್ಕಿಸಿ. ಎಲ್ಲಾ ಸ್ವಿಚ್ ಆಫ್ ಇದ್ದಾಗಲೂ ಬಲ್ಬ್ ಪ್ರಖರವಾಗಿ ಉರಿದರೆ ಎಲ್ಲೋ ಶಾರ್ಟ್ ಇದೆ, ಬಲ್ಬ್ 2 ಆಂಪ್‌ಗಿಂತ ಹೆಚ್ಚು ಬಿಡದ ಕಾರಣ ಏನೂ ಸುಡುವುದಿಲ್ಲ. ಆರಿದ್ದರೆ ಫ್ಯೂಸ್ ಹಾಕಿ. ಆಮೇಲೆ ಲೈಟ್ ಉರಿಸಿಟ್ಟು ಮಲ್ಟಿಮೀಟರಿನ ಒಂದು ಮೊನೆ ಬ್ಯಾಟರಿ ಪ್ಲಸ್‌ಗೆ, ಇನ್ನೊಂದು ಲೈಟಿನ ಪ್ಲಸ್‌ಗೆ. 0.3 ವೋಲ್ಟ್‌ಗಿಂತ ಹೆಚ್ಚು ಬಂದರೆ ದಾರಿಯ ಯಾವುದೋ ಜಾಯಿಂಟ್ ಸರಿಯಿಲ್ಲ. ಮೈನಸ್ ಕಡೆಗೂ ಹೀಗೇ ನೋಡಿ.

---

ಕಡಲತಡಿ_ಸವಾರ:

ಇದಕ್ಕೆ ನಮ್ಮ ಕಡೆಯ ಮಳೆಯ ದೃಷ್ಟಿಯಿಂದ ಒಂದೆರಡು ಮಾತು. ಚಾರ್ಮಾಡಿ, ಆಗುಂಬೆ ಮಳೆಗೆ ನಿಂತ ವೈರಿಂಗ್ ಲಡಾಖ್‌ನ ನೀರಿನ ಹರಿವುಗಳಿಗೂ ನಿಲ್ಲುತ್ತದೆ ಮಾರಾಯ್ರೆ, ಹೊರಡುವ ಮೊದಲು ಒಂದು ದಿನ ಜೋರು ಮಳೆಯಲ್ಲಿ ಪರೀಕ್ಷೆ ಮಾಡಿ. ಯುಎಸ್‌ಬಿ ಪೋರ್ಟ್‌ನ ರಬ್ಬರ್ ಮುಚ್ಚಳವನ್ನು ನಂಬಬೇಡಿ. ಮೊಬೈಲ್ ಸಿಕ್ಕಿಸಿದಾಗ ಅದು ತೆರೆದೇ ಇರುತ್ತದೆ. ಒದ್ದೆ ಪಿನ್‌ಗೆ ಕರೆಂಟ್ ಇದ್ದರೆ ಹಸಿರು ಕಿಲುಬು ಬೇಗ ಹಿಡಿಯುತ್ತದೆ. ಅದಕ್ಕೇ ಯುಎಸ್‌ಬಿ ದಾರಿ ಇಗ್ನಿಷನ್ ಜೊತೆಗೆ ಆಫ್ ಆಗಬೇಕು.

ಇನ್ನು, ಎರಡು ಲೈಟಿಗೂ 40 ವ್ಯಾಟ್ ಏಕೆ? ಮಂಜಿನಲ್ಲಿ ಬಿಳಿ ಬೆಳಕು ಹೆಚ್ಚಿದಷ್ಟೂ ನಿಮ್ಮ ಕಣ್ಣಿಗೇ ಗೋಡೆಯಾಗಿ ಹಿಂದಿರುಗುತ್ತದೆ. ಅಗಲಕ್ಕೆ ಹರಡುವ, ಮೇಲಂಚು ಕತ್ತರಿಸಿದಂತಿರುವ 20 ವ್ಯಾಟಿನ ಜೋಡಿ, ಹಳದಿ ಗಾಜಿನದು, ಕೆಳಗೆ ಕಟ್ಟಿದರೆ ಘಾಟಿಯ ತಿರುವಿಗೆ ಅದೇ ಉತ್ತಮ. 3 ಆಂಪ್ ಉಳಿಯಿತು, ನಿಮ್ಮ ಲೆಕ್ಕವೂ ಹೆಚ್ಚುಕಡಿಮೆ ಸರಿಹೋಯಿತು. ಕಟ್ಟಿದ ಮೇಲೆ ಸಾಮಾನು ಹೇರಿ, ನೀವೂ ಕೂತು, ಗೋಡೆಯಿಂದ 10 ಮೀಟರ್ ದೂರ ನಿಲ್ಲಿಸಿ. ಬೆಳಕಿನ ಮೇಲಂಚು ಲೈಟಿನ ಎತ್ತರಕ್ಕಿಂತ 10-15 ಸೆಂ.ಮೀ ಕೆಳಗಿರಬೇಕು. ಖಾಲಿ ಗಾಡಿಯಲ್ಲಿ ಹೊಂದಿಸಿದರೆ ಹಿಂದೆ ಭಾರ ಬಿದ್ದಾಗ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಊರೊಳಗೆ ಮುಚ್ಚಳ ಹಾಕಿಡಿ, ಕಣ್ಣು ಕುಕ್ಕುವ ಎಲ್‌ಇಡಿಗೆ ಪೊಲೀಸರು ದಂಡ ಹಾಕುತ್ತಾರೆ, ಹಾಕಬೇಕಾದದ್ದೇ.

ಹಾನ್ಲೆಗೆ ಹೋಗುವಿರಿ ಅಂದಿರಿ. ಅಲ್ಲಿನ ವೀಕ್ಷಣಾಲಯ ನಡೆಸುವುದು ನಮ್ಮ ಬೆಂಗಳೂರಿನ ಭಾರತೀಯ ಖಭೌತವಿಜ್ಞಾನ ಸಂಸ್ಥೆ. 2022ರಲ್ಲಿ ಆ ಪ್ರದೇಶವನ್ನು ಕತ್ತಲ ಆಕಾಶದ ರಕ್ಷಿತ ವಲಯವೆಂದು ಘೋಷಿಸಿದ್ದಾರೆ. ಕತ್ತಲಾಗುವ ಮೊದಲೇ ತಲುಪಿ, ರಾತ್ರಿ ಅಲ್ಲಿ ಫಾಗ್ ಲೈಟ್ ಹಾಕಲೇಬೇಡಿ.

---

ಘಾಟಿದಾರಿ:

ಇಷ್ಟು ವಿವರವಾಗಿ ಬರೆದಿದ್ದಕ್ಕೆ ಎಲ್ಲರಿಗೂ ಧನ್ಯವಾದ. ಕ್ಲಾಂಪ್ ಮೀಟರಿಗೆ ಹೇಳಿದ್ದೇನೆ, ಲೈಟ್ 20 ವ್ಯಾಟಿನದೇ ತರುತ್ತೇನೆ. ಎರಡು ಪ್ರಶ್ನೆ ಉಳಿದವು. ಲಿಥಿಯಂ ಬ್ಯಾಟರಿ ಬೇಕೇ? ದಾರಿಯಲ್ಲಿ ಚಾರ್ಜಿಂಗ್ ನಿಂತರೆ, ತಪ್ಪು ಎಲ್ಲಿದೆ ಎಂದು ಪತ್ತೆ ಮಾಡುವ ಕ್ರಮ ಯಾವುದು?

---

ಧಾರವಾಡದ_ಗಾಡಿ:

ಬ್ಯಾಟ್ರಿ ಬಗ್ಗೆ ನಾ ಹೇಳ್ತೀನ್ರಿ. ಲಿಥಿಯಂ ಹಗುರ ಐತಿ, ಅದು ಖರೆ. ಆದ್ರ ಈ ದಾರಿಗೆ ಬ್ಯಾಡ್ರಿ. ಗಾಡಿಗೆ ಬರೋ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟ್ರಿಗೆ ಸೊನ್ನೆ ಡಿಗ್ರಿ ಕೆಳಗ ಚಾರ್ಜ್ ಕೊಟ್ರ ಒಳಗಿನ ಸೆಲ್ ಕೆಡ್ತಾವ. ಸರ್ಚು ಸಮುದ್ರ ಮಟ್ಟಕ್ಕಿಂತ 4,200 ಮೀಟರ್ ಮ್ಯಾಲ ಐತಿ, ಮುಂಜಾನಿ ಥಂಡಿ ನಿಮಗ ಗೊತ್ತಾಗ್ತದ. ಆ ಥಂಡ್ಯಾಗ ಮೊದಲನೇ ಸೆಲ್ಫಿಗೆ ಅದು ಸತ್ಹಂಗ ಮಾಡ್ತದ, ಹೆಡ್‌ಲೈಟ್ ಒಂದು ನಿಮಿಷ ಹಚ್ಚಿ ಬೆಚ್ಚಗ ಮಾಡಿ ಆಮ್ಯಾಲ ಒತ್ತಬೇಕು. ಎಂಜಿನ್ ಚಾಲೂ ಆಗದ ಹೆಡ್‌ಲೈಟ್ ಹತ್ತದ ಗಾಡಿಗಳೊಳಗ ಅದೂ ಆಗಂಗಿಲ್ಲ. ಆರ್‌ಆರ್ ಕೆಟ್ಟು ವೋಲ್ಟೇಜ್ 15 ದಾಟಿದ್ರ ಬ್ಯಾಟ್ರಿ ಒಳಗಿನ ರಕ್ಷಣಾ ಸರ್ಕ್ಯೂಟ್ ತನ್ನಷ್ಟಕ್ಕ ಕಡಕೊಂತದ. ಆಗ ಆ ಏರಿದ ವೋಲ್ಟೇಜ್ ಪೂರಾ ಇಸಿಯು ಮ್ಯಾಲ ಬೀಳ್ತದ. ಸೀಸದ ಬ್ಯಾಟ್ರಿ ಇದ್ರ ಅದನ್ನ ಒಂದೀಟು ತಾನೇ ನುಂಗಿ ಉಳಸ್ತದ.

ಸೀಸದ್ದೂ ಥಂಡಿಗೆ ಕಡಿಮೆ ಆಗ್ತದ, ಇಲ್ಲ ಅನ್ನಂಗಿಲ್ಲ. ಸೊನ್ನೆ ಡಿಗ್ರ್ಯಾಗ ಐದರಾಗ ಒಂದ್ ಪಾಲು ತಾಕತ್ತು ಹೋಗ್ತದ. ಅದಕ್ಕ ಈಗಿನ ಬ್ಯಾಟ್ರಿಗೆ ಎರಡು ವರ್ಷ ದಾಟಿದ್ರ ಹೊಸಾ ವಿಆರ್‌ಎಲ್‌ಎ (ಮುಚ್ಚಿದ ಸೀಸದ ಬ್ಯಾಟ್ರಿ) ಹಾಕ್ರಿ, ಅಷ್ಟ ಸಾಕು. ಹಳೇದನ್ನ ಇಟ್ಕೋಬೇಕಂದ್ರ, ಪೂರಾ ಚಾರ್ಜ್ ಮಾಡಿ ಒಂದು ರಾತ್ರಿ ಬಿಟ್ಟು ನೋಡ್ರಿ. 12.7 ಇದ್ರ ಚಲೋ, 12.4ಕ್ಕ ಇಳಿದಿದ್ರ ಅದರ ಆಸೆ ಬಿಡ್ರಿ. ಸೆಲ್ಫ್ ಒತ್ತಿದಾಗ 10ಕ್ಕಿಂತ ಕೆಳಗ ಹೋದ್ರೂ ಅಷ್ಟ.

ಇನ್ನೊಂದು ಮಾತ್ರಿ. ಇಂಜೆಕ್ಷನ್ ಗಾಡಿನ ಪೂರಾ ಸತ್ತ ಬ್ಯಾಟ್ರಿ ಮ್ಯಾಲ ದಬ್ಬಿ ಚಾಲೂ ಮಾಡಾಕ ಬರಂಗಿಲ್ಲ. ಫ್ಯುಯಲ್ ಪಂಪ್‌ಗ, ಇಸಿಯುಗ ಕರೆಂಟ್ ಬೇಕ ಬೇಕು. ಹಂಗಾಗಿ ಸಣ್ಣ ಜಂಪ್ ಸ್ಟಾರ್ಟರ್ ಪ್ಯಾಕ್ ಒಂದು ಬ್ಯಾಗಿನ್ಯಾಗ ಇರ್ಲಿ. ರಾತ್ರಿ ಅದನ್ನ ಮಲಗೋ ಚೀಲದಾಗ ಇಟ್ಕೊಂಡು ಮಲಗ್ರಿ, ಬೆಚ್ಚಗಿದ್ರ ಕೆಲಸ ಮಾಡ್ತದ.

---

ಕಾಯಿಲ್_ಕಟ್ಟುವವ:

ಪತ್ತೆ ಮಾಡುವ ಕ್ರಮ ನಾನು ಬರೆಯುತ್ತೇನೆ. ಮಲ್ಟಿಮೀಟರ್ ಒಂದಿದ್ದರೆ ಹತ್ತು ನಿಮಿಷದ ಕೆಲಸ.

ಬ್ಯಾಟರಿ ಟರ್ಮಿನಲ್ ಮೇಲೇ ವೋಲ್ಟೇಜ್ ನೋಡಿ. ಯುಎಸ್‌ಬಿ ಪೋರ್ಟ್‌ನಲ್ಲಿ ಕಾಣುವ ಅಂಕಿ ವೈರಿನ ನಷ್ಟ ಕಳೆದದ್ದು, ಅದರ ಮೇಲೆ ತೀರ್ಮಾನ ಬೇಡ. ಎಂಜಿನ್ 4000 ಆರ್‌ಪಿಎಂನಲ್ಲಿ, ಹೆಚ್ಚುವರಿ ಲೋಡ್ ಎಲ್ಲಾ ಆಫ್. 13.8ರಿಂದ 14.5 ಇದ್ದರೆ ಚಾರ್ಜಿಂಗ್ ಸರಿಯಿದೆ, ಸಮಸ್ಯೆ ಬ್ಯಾಟರಿಯದ್ದು ಅಥವಾ ಖರ್ಚಿನದ್ದು. 15 ದಾಟಿದರೆ ಆರ್‌ಆರ್ ಕೆಟ್ಟಿದೆ, ಹಾಗೇ ಓಡಿಸಿದರೆ ಬ್ಯಾಟರಿ ಕುದಿಯುತ್ತದೆ, ಬಲ್ಬ್‌ಗಳು ಹೋಗುತ್ತವೆ. ಬೇರೆ ಆರ್‌ಆರ್ ಸಿಗುವವರೆಗೆ ಲೈಟ್, ಗ್ರಿಪ್ ಎಲ್ಲ ಹಾಕಿಕೊಂಡು, ಆರ್‌ಪಿಎಂ ತಗ್ಗಿಸಿ ಓಡಿಸಿದರೆ ವೋಲ್ಟೇಜ್ ಸ್ವಲ್ಪ ಇಳಿಯುತ್ತದೆ.

13ಕ್ಕಿಂತ ಕೆಳಗಿದ್ದರೆ ಮುಂದಕ್ಕೆ ಹೋಗಿ. ಎಂಜಿನ್ ಆರಿಸಿ ಸ್ಟೇಟರಿನಿಂದ ಬರುವ ಒಂದೇ ಬಣ್ಣದ ಮೂರು ವೈರಿನ ಕನೆಕ್ಟರ್ ಬಿಚ್ಚಿ. ಮೊದಲು ಅದರ ಬಣ್ಣ ನೋಡಿ, ಕರಗಿದ್ದರೆ ಉತ್ತರ ಅಲ್ಲೇ ಸಿಕ್ಕಿತು. ಕರಗಿದ ಕನೆಕ್ಟರನ್ನು ಕತ್ತರಿಸಿ ಮೂರು ವೈರನ್ನೂ ಪ್ರತ್ಯೇಕ ಕ್ರಿಂಪ್ ಮಾಡಿದರೆ ಗಾಡಿ ಮನೆ ಸೇರುತ್ತದೆ. ಒಂದೇ ಬಣ್ಣದ ಆ ಮೂರರಲ್ಲಿ ಯಾವುದನ್ನು ಯಾವುದಕ್ಕೆ ಕೊಟ್ಟರೂ ನಡೆಯುತ್ತದೆ.

ಕನೆಕ್ಟರ್ ಚೆನ್ನಾಗಿದ್ದರೆ ಓಮ್ ಅಳೆಯಿರಿ. ಯಾವ ಎರಡರ ನಡುವೆಯೂ 1 ಓಮ್‌ಗಿಂತ ಕಡಿಮೆ, ಮೂರೂ ಜೋಡಿ ಸಮಾನ. ಯಾವುದಕ್ಕೂ ಎಂಜಿನ್ ಬಾಡಿಗೂ ಸಂಪರ್ಕ ಇರಬಾರದು. ಆಮೇಲೆ ಕನೆಕ್ಟರ್ ಬಿಚ್ಚಿಟ್ಟೇ ಎಂಜಿನ್ ಚಾಲೂ ಮಾಡಿ ಎಸಿ ವೋಲ್ಟ್ ನೋಡಿ. ಆರ್‌ಪಿಎಂ ಏರಿದಂತೆ ವೋಲ್ಟೇಜ್ ಏರಬೇಕು, 4000ದ ಹೊತ್ತಿಗೆ 50 ಆಸುಪಾಸು ಅಥವಾ ಹೆಚ್ಚು ಇರಬಹುದು, ಕೈ ತಾಗಿಸಬೇಡಿ. ಇಲ್ಲಿ ನಿಖರ ಅಂಕಿಗಿಂತ ಮೂರೂ ಜೋಡಿ ಸಮವಾಗಿರುವುದು ಮುಖ್ಯ. ಒಂದು ಜೋಡಿ ಹಿಂದೆ ಬಿದ್ದರೆ ಸ್ಟೇಟರ್ ಹೋಗಿದೆ, ಅದು ದಾರಿಯಲ್ಲಿ ಆಗುವ ರಿಪೇರಿಯಲ್ಲ. ಮೂರೂ ಸಮವಿದ್ದು ಚಾರ್ಜಿಂಗ್ ಇಲ್ಲವೆಂದರೆ ಆರ್‌ಆರ್. ಅದಕ್ಕೇ ದೂರದ ದಾರಿಗೆ ಬಿಡಿ ಆರ್‌ಆರ್ ಯೂನಿಟ್ ಒಯ್ಯುವುದು ಲಾಭ, ಬಿಡಿ ಸ್ಟೇಟರ್ ಒಯ್ಯುವುದಕ್ಕೆ ಅರ್ಥವಿಲ್ಲ. ಆರ್‌ಆರ್ ತಣ್ಣಗಾಗುವುದು ಬರುವ ಗಾಳಿಯಿಂದ. ಅದರ ರೆಕ್ಕೆಗಳ ಮುಂದೆ ಬ್ಯಾಗ್, ನೀರಿನ ಕ್ಯಾನ್ ಕಟ್ಟಬೇಡಿ, ಕೆಸರು ಹಿಡಿದಿದ್ದರೆ ಸಂಜೆ ತೊಳೆಯಿರಿ.

---

ಜೇಸಿರೋಡ್_ವೈರಿಂಗ್:

ಬಿಡಿ ಸಾಮಾನಿನ ಚೀಲಕ್ಕೆ: 2, 5, 7.5, 10, 15, 20 ಆಂಪ್ ಫ್ಯೂಸ್ ಎರಡೆರಡು, ರಿಲೇ ಒಂದು, 1.5ರ ವೈರ್ 2 ಮೀಟರ್, ಲಗ್ ಹತ್ತು, ಅಂಟಿನ ಹೀಟ್ ಶ್ರಿಂಕ್, ಒಂದು ಲೈಟರ್, ಆ 21 ವ್ಯಾಟಿನ ಬಲ್ಬ್, ಸಣ್ಣ ಮಲ್ಟಿಮೀಟರ್, ಒಂದು ಎಚ್4 ಹ್ಯಾಲೊಜನ್ ಬಲ್ಬ್. ಹೆಡ್‌ಲೈಟಿಗೆ ಫ್ಯಾನ್ ಇರುವ ಎಲ್‌ಇಡಿ ಬಲ್ಬ್ ಹಾಕುವ ಯೋಚನೆ ಇದ್ದರೆ ಬಿಡಿ. ಹ್ಯಾಲೊಜನ್‌ಗೆ ಮಾಡಿದ ರಿಫ್ಲೆಕ್ಟರಿನಲ್ಲಿ ಅದರ ಬೆಳಕು ಚದುರುತ್ತದೆ, ಧೂಳಿಗೆ ಫ್ಯಾನ್ ಹಿಡಿದುಕೊಳ್ಳುತ್ತದೆ.

ಸರ್ಕ್ಯೂಟಿನ ಚಿತ್ರ ಬರೆದು, ಯಾವ ಫ್ಯೂಸ್ ಯಾವುದಕ್ಕೆ ಎಂದು ಸೀಟಿನ ಒಳಗೆ ಅಂಟಿಸಿ. ದಾರಿಯ ನಡುವಿನ ಕೆಲಾಂಗ್‌ನ ಮೆಕ್ಯಾನಿಕ್‌ಗೆ ನಿಮ್ಮ ವೈರಿಂಗ್ ಅರ್ಥವಾಗುವುದು ಅದರಿಂದಲೇ.

ಕೆಲಸವೆಲ್ಲ ಮುಗಿದ ಮೇಲೆ ಇಗ್ನಿಷನ್ ಆಫ್ ಮಾಡಿ, ಬ್ಯಾಟರಿ ಮೈನಸ್ ಬಿಚ್ಚಿ, ನಡುವೆ ಮಲ್ಟಿಮೀಟರನ್ನು 10 ಆಂಪ್ ರೇಂಜಿನಲ್ಲಿ ಹಾಕಿ, ಅಂಕಿ ಇಳಿದ ಮೇಲೆ ಮಿಲಿಆಂಪ್‌ಗೆ ತಿರುಗಿಸಿ. ಇದನ್ನು ಹಾಕಿರುವಾಗ ಕೀ ತಿರುಗಿಸಲೇಬೇಡಿ. ಕೆಲವೇ ಮಿಲಿಆಂಪ್ ಬಂದರೆ ಸರಿ. 50 ಬಂದರೆ ದಿನಕ್ಕೆ 1.2 ಆಂಪ್-ಅವರ್ ಸೋರುತ್ತಿದೆ, ಗಾಡಿ ಒಂದು ವಾರ ನಿಂತರೆ ಬ್ಯಾಟರಿ ಖಾಲಿ. ಫ್ಯೂಸ್‌ಗಳನ್ನು ಒಂದೊಂದೇ ಕಿತ್ತು ನೋಡಿ, ಯಾವುದನ್ನು ತೆಗೆದಾಗ ಅಂಕಿ ಬೀಳುತ್ತದೋ ಆ ದಾರಿಯಲ್ಲಿದೆ ಸೋರಿಕೆ. ಯಾವುದನ್ನು ಕಿತ್ತರೂ ಬೀಳದಿದ್ದರೆ ಪಂಪಿನ ನೇರ ತುದಿಗೆ ಏನಾದರೂ ಸಿಕ್ಕಿಸಿ ಬಿಟ್ಟಿದ್ದೀರಾ ನೋಡಿ.